ತಂಗಿಯ ಕೋಪಕ್ಕೆ ಹಚ್ಚಿದ ಕರ್ಪೂರ

ನನ್ನ ತಂಗಿ ಸುಮಳ ಮೈಮೇಲೆ ಯಾವತ್ತೂ ಯಾವ ದೇವರೂ ಬಂದಿರಲಿಲ್ಲ. ಬಂದಿದೆ ಎಂದು ಮೊದಲು ಹೇಳಿದವಳು ನಾನು. ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ಮಿಡಿಗೇಶಿ ಕಡೆಯ ನಮ್ಮೂರಿಗೆ ಮಂಗಳವಾರ ಬಂತೆಂದರೆ ಬಸ್ಸಿಳಿದು ಬಂದು ಅವಳ ಮುಂದೆ ಕೈಮುಗಿದು ಕೂತವರೆಲ್ಲ — ಇದನ್ನು ಓದುತ್ತಿರುವ ನಿಮ್ಮಲ್ಲೂ ಯಾರಾದರೂ ಇರಬಹುದು — ಕೈಮುಗಿದದ್ದು ನನ್ನ ಬಾಯಿಂದ ಹೊರಟ ಒಂದು ಸುಳ್ಳಿಗೆ. ಅದರಲ್ಲಿ ಅವಳ ತಪ್ಪು ಏನೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮಾತನ್ನು ಸುತ್ತಿಬಳಸುವುದು ನನ್ನ ಹಳೆಯ ಚಾಳಿ. ಹಾಗೆ ಸುತ್ತಿಬಳಸಿಯೇ ಹತ್ತು ವರ್ಷದ ಮೇಲೆ ಕಳೆದೆ.

ಆಗ ನಾನು ಮಧುಗಿರಿಯಲ್ಲಿ ಟೀಚರ್ ಟ್ರೈನಿಂಗ್ ಮುಗಿಸಿ ಮನೆಯಲ್ಲಿದ್ದೆ. ಸುಮ ಪಿಯುಸಿ ಓದುತ್ತಿದ್ದಳು. ಒಳ್ಳೆಯ ಫೋನು ಅಂತ ಮನೆಯಲ್ಲಿ ಇದ್ದದ್ದು ನನ್ನದೊಂದೇ. ಸಂಜೆ ತಾರಸಿಯ ಮೇಲೆ, ಒಣಹಾಕಿದ ಹುಣಸೆಹಣ್ಣಿನ ಪಕ್ಕ ಕೂತು, ಇಯರ್‌ಫೋನಿನ ಒಂದೊಂದು ತುದಿಯನ್ನು ಒಬ್ಬೊಬ್ಬರು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದೆವು. ಅವಳಿಗೆ ಹುಚ್ಚು ಹಿಡಿಸಿದ್ದು ಒಂದು ಅನಿಮೆ, ಜಪಾನಿನವರು ಚಿತ್ರ ಬರೆದು ಮಾಡುವ ಧಾರಾವಾಹಿ. ಮಾತೆಲ್ಲ ಅವರ ಭಾಷೆ, ಕೆಳಗೆ ಇಂಗ್ಲಿಷಿನ ಸಾಲು. ಅದರಲ್ಲಿ ಒಬ್ಬಳು ಹುಡುಗಿ, ಹುಟ್ಟಿನಿಂದಲೇ ಕೆನ್ನೆಯ ಮೇಲೊಂದು ಬಿಳಿ ಪಟ್ಟೆ. ಮಾತೆತ್ತಿದರೆ ಕಿರುಚುತ್ತಾಳೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾಳೆ, ಒಂದು ದಿನ ತನ್ನನ್ನು ಇಟ್ಟಿದ್ದ ಗುಡಿಗೇ ಬೆಂಕಿ ಇಡುತ್ತಾಳೆ. ಅವಳನ್ನು ಅಡಗಿಸಲು ಕತ್ತಿ ಹಿಡಿದು ಹೊರಟ ಚೆಂದದ ಹುಡುಗ ಕಥೆಯ ನಾಯಕ. ನಾನು ಅವನ ಪಕ್ಷ.

"ಏನ್ ರಾಕ್ಷಸೀನೇ ಇವ್ಳು! ಆ ಹುಡುಗ ಒಳ್ಳೆ ಮಾತಲ್ಲಿ ಮಾತಾಡ್ಸಿದ್ರೂ ಎಗರಿಬೀಳ್ತಾಳಲ್ಲೇ," ಅನ್ನುತ್ತಿದ್ದೆ.

"ನೀನು ಅವ್ಳು ಕಿರುಚೋದು ಮಾತ್ರ ನೋಡ್ತೀಯ ಕಣಕ್ಕ. ಯಾಕೆ ಕಿರುಚ್ತಾಳೆ ಅಂತ ನೋಡಲ್ಲ," ಅನ್ನುತ್ತಿದ್ದಳು ಸುಮ.

ಪೂರ್ತಿ ನೋಡುವ ತಾಳ್ಮೆ ನನಗಿರಲಿಲ್ಲ, ಮಧ್ಯದಲ್ಲೇ ಬಿಟ್ಟೆ. ಅವಳು ಕೊನೆಯವರೆಗೂ ನೋಡಿದಳು, ಮತ್ತೆ ಮೊದಲಿಂದ ನೋಡಿದಳು. ಆ ಹುಡುಗಿ ಆಗಾಗ ಕೂಗುವ ಒಂದು ಮಾತು ಅವಳಿಗೆ ಬಾಯಿಪಾಠವಾಗಿತ್ತು — "ವತಾಶಿ ವ ನಿಂಗೆನ್ ದ!" ನಾನು ಮನುಷ್ಯಳು ಎಂದು ಅದರ ಅರ್ಥ, ಅವಳೇ ನನಗೆ ಹೇಳಿಕೊಟ್ಟದ್ದು. ನಮ್ಮ ಮನೆಯಲ್ಲಿ ಅಪ್ಪನಿಗೆ ಎದುರು ಮಾತಾಡುವ ಹಾಗಿರಲಿಲ್ಲ. ಅಪ್ಪ ಬೈದ ದಿನ ಸುಮ ಅಡುಗೆಮನೆಗೆ ಬಂದು, ಗೋಡೆಯ ಕಡೆ ತಿರುಗಿ, ಅದನ್ನು ಹೇಳಿ ಸಮಾಧಾನ ಮಾಡಿಕೊಳ್ಳುತ್ತಿದ್ದಳು. ನಾನು ಬಾಯಿಗೆ ವೇಲು ಒತ್ತಿಕೊಂಡು ನಗುತ್ತಿದ್ದೆ. ಅಂದರೆ — ಆ ಮಾತು ಎಲ್ಲಿಯದು, ಏನರ್ಥ ಎಂದು ಇಡೀ ಊರಿನಲ್ಲಿ ಗೊತ್ತಿದ್ದವರು ನಾವಿಬ್ಬರೇ.

ಸುಮಳಿಗೂ ಬಿಳಿ ಮಚ್ಚೆಗಳಿದ್ದವು. ತುಟಿಯ ಅಂಚಿನಲ್ಲಿ, ಬೆರಳುಗಳ ಮೇಲೆ. ಯಾರಿಗೂ ಅಂಟುವುದಲ್ಲ, ನೋಯುವುದಲ್ಲ, ಡಾಕ್ಟರು ಸಾವಿರ ಸಲ ಹೇಳಿದ್ದರು. ಆದರೆ ನನ್ನನ್ನು ನೋಡಲು ಬಂದ ಮೊದಲ ಗಂಡಿನ ಕಡೆಯವರು ಕಾಫಿ ಕುಡಿದು ಹೋದವರು, "ಮನೇಲಿ ತೊನ್ನೈತೆ" ಎಂದು ಹೇಳಿ ಕಳಿಸಿದರು. ಅಲ್ಲಿಂದ ಮುಂದೆ ಯಾರು ಬಂದರೂ ಸುಮ ಹಿಂದಿನ ಕೋಣೆಗೆ. ಮೊದಲ ಸಲ ಅವಳೇ ನಗುತ್ತ ಹೋದಳು, ನನಗೋಸ್ಕರ. ಆಮೇಲೆ ನಗು ನಿಂತಿತು. ಕಳ್ಳಂಬೆಳ್ಳದಿಂದ ಈಗಿನ ನನ್ನ ಅತ್ತೆಯವರು ಬರುವ ದಿನ ಅವಳು ನನ್ನ ಕೈ ಹಿಡಿದು, "ನೀನಾದ್ರೂ ಬ್ಯಾಡ ಅನ್ನಕ್ಕ," ಎಂದಳು.

"ಒಂದು ಗಂಟೆ ಹೊತ್ತು ಕಣೆ. ಏನ್ ಮಹಾ ಆಗೋಗ್ತೈತೆ?" ಎಂದೆ. ಹೊರಗಿನಿಂದ ಚಿಲಕ ಹಾಕಿದೆ. ಅವ್ವ ಹಾಕಿದಳು ಎಂದೇ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಇಲ್ಲ, ಹಾಕಿದ್ದು ನಾನು.

ಮಾತುಕತೆ ಒಂದು ಹದಕ್ಕೆ ಬಂದಿತ್ತು. ಗಂಡಿನ ತಾಯಿ ನನ್ನ ಕೈ ಹಿಡಿದುಕೊಂಡು ಕೂತಿದ್ದರು. ಅಷ್ಟರಲ್ಲಿ ಸುಮ ಆ ಕೋಣೆಯಿಂದ ಹಿತ್ತಿಲಿಗಿದ್ದ ಹಳೆಯ ಬಾಗಿಲನ್ನು ತಳ್ಳಿ ತೆಗೆದು ಹೊರಬಿದ್ದು, ಕಾಂಪೌಂಡು ಹಾರಿ, ಬೀದಿಯಿಂದ ಬಳಸಿ ಮುಂಬಾಗಿಲಿಗೇ ಬಂದಳು. ನಾನು ಚಿಲಕ ಹಾಕುವ ಸ್ವಲ್ಪ ಮೊದಲು ತಲೆಗೆ ನೀರು ಹಾಕಿಕೊಂಡಿದ್ದಳು, ಕೂದಲು ಬಿಚ್ಚಿ ಹರಡಿತ್ತು. ಮೈ ಗಡಗಡ ನಡುಗುತ್ತಿತ್ತು. ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. ಕನ್ನಡದಲ್ಲಿ ಅಪ್ಪನ ಮುಂದೆ ಬಾಯಿ ತೆರೆದು ಗೊತ್ತಿಲ್ಲದವಳು — ಅವಳ ಬಾಯಿಗೆ ಬಂದದ್ದು ಅದೇ ಮಾತು. "ವತಾಶಿ ವ ನಿಂಗೆನ್ ದ! ವತಾಶಿ ವ ನಿಂಗೆನ್ ದ!"

ಗಂಡಿನ ತಾಯಿ ನನ್ನ ಕೈಬಿಟ್ಟು ಎದ್ದು ನಿಂತರು. "ಯಾರಿದು? ಏನಾಗೈತೆ ಈ ಮಗೀಗೆ?"

ಅಪ್ಪನ ಮುಖ ಕಪ್ಪಿಟ್ಟಿತು. ಅವ್ವ ಬಾಗಿಲಿಗೆ ಆತುಕೊಂಡಳು. ಇದೂ ಹೋಯಿತು, ಇನ್ನು ನನ್ನನ್ನು ಯಾರೂ — ಆಗ ನಾನು ಹೇಳಿದೆ:

"ಅವಳ ಮೈಮೇಲೆ ಅಮ್ನೋರು ಬರ್ತಾರೆ."

ಅಷ್ಟೇ. ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಪಾವಗಡದ ಕಡೆಯವಳಾದ ನಮ್ಮಜ್ಜಿ, ಅಮ್ನೋರು ಬಂದರು ಎಂದು ತನ್ನ ತೆಲುಗಿನಲ್ಲಿ, "ಅಮ್ಮೋರು ವಚ್ಚಿಂದಿ! ತಲ್ಲೀ, ಕರ್ಪೂರ ತತ್ತಾರ್ರೇ!" ಎಂದು ಕೂಗಿ ನೆಲಕ್ಕೆ ಬಿದ್ದು ನಮಸ್ಕಾರ ಮಾಡಿದಳು. ಅವ್ವ ಕರ್ಪೂರ ಹಚ್ಚಿದಳು. ತುಟಿಯ ಬಿಳುಪು ಕಂಡು ಗಂಡಿನ ತಾಯಿ ಅಸಹ್ಯಪಡಲಿಲ್ಲ. "ಅಮ್ನೋರ ಗುರುತು," ಎಂದು ಕೆನ್ನೆ ಕೆನ್ನೆ ಬಡಿದುಕೊಂಡರು. ಸುಮ ದಿಗಿಲುಬಿದ್ದು ಕನ್ನಡದಲ್ಲೇ ಕೂಗಿದಳು, "ನಾನು ಸುಮ ಕಣ್ರೇ! ಸುಮ!" ಅದಕ್ಕೆ ಎಲ್ಲರೂ, "ಹೂಂ ತಾಯಿ, ಸಾಂತವಾಗು ತಾಯಿ," ಎಂದರು. ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಕೈಮುಗಿದುಕೊಂಡು ನಿಂತಿದ್ದೆ.

ಮದುವೆ ಗೊತ್ತಾಯಿತು. ಚಪ್ಪರದ ಹಿಂದಿನ ದಿನ ನನ್ನ ಕೈಗೆ ಮದರಂಗಿ ಹಚ್ಚುತ್ತ ಸುಮ, "ನಿನ್ನ ಮದ್ವೆ ಆಗ್ಲಿ ಅಕ್ಕ. ಆಮೇಲೆ ಎಲ್ರುಗೂ ಹೇಳ್ಬುಡು," ಎಂದಳು. "ಹೇಳ್ತೀನಿ ಕಣೆ," ಎಂದೆ. ಆಗ ನಿಜವಾಗಿಯೂ ಹೇಳಬೇಕೆಂದೇ ಇದ್ದೆ ಎಂದು ಬರೆಯಲು ಹೊರಟೆ... ಬೇಡ. ನನಗೆ ಗೊತ್ತಿಲ್ಲ.

ಹೊಸ ಮನೆಯಲ್ಲಿ ಅತ್ತೆ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು, "ನಮ್ಮ ಸೊಸೆ ತವರಲ್ಲಿ ಅಮ್ನೋರು ಅವ್ರೆ." ನನ್ನ ಮರ್ಯಾದೆಯೆಲ್ಲ ಆ ಮಾತಿನ ಮೇಲೆ ನಿಂತಿತ್ತು. ಅತ್ತ ಊರಿನಲ್ಲಿ ಸುಮಳ ಕಾಲೇಜು ನಿಂತಿತು. ಅಮ್ನೋರು ಬರುವ ಹುಡುಗಿ ಬಸ್ಸಿನಲ್ಲಿ ಎಲ್ಲರ ಮೈ ತಾಗಿಸಿಕೊಂಡು ಮಧುಗಿರಿಗೆ ಹೋಗುವುದು ಹೆಂಗೆ ಎಂದರು. ಅವಳು ರೇಗಿದಳು. ರೇಗಿದಾಗಲೆಲ್ಲ ಕರ್ಪೂರ ಹಚ್ಚಿದರು. ಅಳತೊಡಗಿದರೆ ಹೂವಿನ ಹಾರ ತಂದರು. ಊಟ ಬೇಡವೆಂದು ತಟ್ಟೆ ತಳ್ಳಿದರೆ, ಅಮ್ನೋರಿಗೆ ಯಾವ ನೈವೇದ್ಯ ಬೇಕೋ ಎಂದು ಕೇಳಿದರು. ಅಪ್ಪ ಅವಳನ್ನು ಬೈಯುವುದು ಬಿಟ್ಟು ಬಹುವಚನದಲ್ಲಿ ಮಾತಾಡಿಸತೊಡಗಿದ. ಯೋಚಿಸಿ ನೋಡಿ, ಒಬ್ಬಳಿಗೆ ಸಿಟ್ಟು ಬಂದಿದೆ, ಆ ಸಿಟ್ಟು ಅವಳದೇ ಅಲ್ಲ ಎಂದುಬಿಟ್ಟರೆ ಅವಳು ಎಲ್ಲಿಗೆ ಹೋಗಬೇಕು? ಕೊನೆಗೆ ಸುಮ ಸುಮ್ಮನಾದಳು. ಮಂಗಳವಾರ ಕೂರಿಸಿದರೆ ಕೂತಳು. ದೇವರ ವಿಚಾರ ನನಗೆ ಗೊತ್ತಿಲ್ಲ, ಬರುವವರ ಮೈಮೇಲೆ ಬರಬಹುದು. ಸುಮಳ ಮೈಮೇಲೆ ಬಂದಿದ್ದು ಕೋಪ, ಅದೂ ನ್ಯಾಯವಾದ ಕೋಪ.

ನಾನು ಸಿರಾ ಹತ್ತಿರದ ಒಂದು ಶಾಲೆಯಲ್ಲಿ ಮೇಡಂ ಆದೆ. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ನಗು ಬರುತ್ತದೆ, ಅಲ್ಲವೇ? ನನಗೆ ಬರುವುದಿಲ್ಲ.

ಈ ವರ್ಷ ಊರಿನವರು ಸೇರಿ ಅವಳಿಗೊಂದು ಗುಡಿ ಕಟ್ಟಿಸುವುದೆಂದು ತೀರ್ಮಾನಿಸಿದರು. ಅಪ್ಪನೇ ಜಾಗ ಬಿಟ್ಟುಕೊಟ್ಟ. ಗುಡಿ ಎದ್ದರೆ ಅವಳ ವಾಸವೂ ಅದರ ಹಿಂದಿನ ಕೋಣೆಯಲ್ಲೇ, ಇನ್ನು ಜನ್ಮಪೂರ್ತಿ. ಆ ಸುದ್ದಿ ಕೇಳಿ ಅತ್ತೆ ನನ್ನನ್ನೂ ಎಳೆದುಕೊಂಡು ಹೊರಟರು. ಮಂಗಳವಾರದ ಜನರ ಸಾಲಿನಲ್ಲಿ ನಾನೂ ಕೂತೆ. ಸುಮಳ ಮಚ್ಚೆಗಳು ಕೆನ್ನೆಯವರೆಗೂ ಹರಡಿದ್ದವು. ನನ್ನ ಸರದಿ ಬಂದಾಗ ಹಣೆಗೆ ಕುಂಕುಮ ಇಡುವ ನೆಪದಲ್ಲಿ ಬಗ್ಗಿ, ನನಗೊಬ್ಬಳಿಗೇ ಕೇಳುವ ಹಾಗೆ ಕೇಳಿದಳು, "ಅಕ್ಕ, ಅದನ್ನ ಕೊನೆಗಂಟ ನೋಡಿದ್ಯಾ?"

"ಅಮ್ನೋರು ಏನಂದ್ರು?" ಎಂದು ಅತ್ತೆ ಬಸ್ಸಿನಲ್ಲಿ ಕೇಳಿದರು. "ಒಳ್ಳೇದಾಗ್ತೈತೆ ಅಂದ್ರು," ಎಂದೆ. ನೋಡಿ, ಆಗಲೂ.

ಭಾನುವಾರ ಮಧ್ಯಾಹ್ನ ಒಬ್ಬಳೇ ಕೂತು ಆ ಅನಿಮೆಯನ್ನು ಹುಡುಕಿ ತೆಗೆದು ಮೊದಲಿಂದ ನೋಡಿದೆ. ನಾನು ರಾಕ್ಷಸಿ ಎಂದಿದ್ದವಳನ್ನು ಅವಳ ಊರಿನವರು ಹಸುಗೂಸಿನಲ್ಲೇ ತಂದು ಆ ಗುಡಿಯಲ್ಲಿ ಇಟ್ಟಿರುತ್ತಾರೆ, ಕೆನ್ನೆಯ ಪಟ್ಟೆ ಕಂಡು. ಮಳೆ ಬಂದರೆ ದೇವತೆಯೆಂದು ಬಾಗಿಲಲ್ಲಿ ಅನ್ನ ಇಟ್ಟು ಹೋಗುತ್ತಾರೆ, ಬರದಿದ್ದರೆ ರಾಕ್ಷಸಿಯೆಂದು ಕಲ್ಲು ತೂರುತ್ತಾರೆ. ಮಾತಾಡಿಸುವವರು ಮಾತ್ರ ಒಬ್ಬರೂ ಇಲ್ಲ. ನನ್ನ ಆ ಚೆಂದದ ನಾಯಕನೂ ಒಳ್ಳೆಯ ಮಾತಾಡಿದ್ದು ಅವಳ ಜೊತೆಗಲ್ಲ — ಅವಳೊಳಗಿದೆ ಎಂದು ಅವನು ನಂಬಿದ್ದ ರಾಕ್ಷಸಿಯ ಜೊತೆಗೆ, ಹೊರಗೆ ಬಾ ಎಂದು. ಎಗರಿಬೀಳದೆ ಏನು ಮಾಡುತ್ತಾಳೆ? ಕೊನೆಯ ಕಂತಿನಲ್ಲಿ ಅವಳು ಯಾವುದೋ ದೂರದ ಊರಿನ ಹೋಟೆಲ್ಲಿಗೆ ಬಂದು ಗಬಗಬ ಉಣ್ಣುತ್ತಾಳೆ. ಬಟ್ಟಲು ಕೈಜಾರಿ ಒಡೆಯುತ್ತದೆ. ಹೋಟೆಲಿನ ಮುದುಕಿ ಸೊಂಟಕ್ಕೆ ಕೈಕೊಟ್ಟು ಬಾಯಿಗೆ ಬಂದ ಹಾಗೆ ಬೈಯುತ್ತಾಳೆ — ಕಣ್ಣು ಕಾಣಲ್ವಾ, ಎತ್ತು, ಗುಡಿಸು. ಹುಡುಗಿ ಒಂದು ಗಳಿಗೆ ಪಿಳಿಪಿಳಿ ನೋಡಿ ನಗತೊಡಗುತ್ತಾಳೆ. ನಕ್ಕು ನಕ್ಕು ಅಳುತ್ತಾಳೆ. ಹುಟ್ಟಿದ ಮೇಲೆ ಅವಳನ್ನು ಯಾರೂ ಹಾಗೆ, ಮನುಷ್ಯರನ್ನು ಬೈಯುವ ಹಾಗೆ, ಬೈದೇ ಇರಲಿಲ್ಲ. ದೇವರನ್ನು ಬೈಯುವವರುಂಟೆ? ನಾನು ಫೋನು ಮಗುಚಿಟ್ಟು ಅತ್ತುಬಿಟ್ಟೆ. ಈ ಕೊನೆಯನ್ನು ಸುಮ ಹತ್ತು ವರ್ಷದ ಹಿಂದೆಯೇ ನೋಡಿದ್ದಳು. ನಾನು ಚಿಲಕ ಹಾಕುವ ಮೊದಲೇ.

ಮೊದಲು ಅತ್ತೆಗೆ ಹೇಳಿದೆ. ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ಕೇಳಿ ಮುಗಿಸಿ ಮೊರವನ್ನು ಪಕ್ಕಕ್ಕೆ ಸರಿಸಿದರು. "ಹಂಗಾರೆ ಇಷ್ಟು ವರ್ಸ ನಾನು ಯಾರ್ಗೆ ಕೈಮುಗ್ದೆ?" ಎಂದರು. ಆಮೇಲೆ, "ಮಚ್ಚೆ ಐತೆ ಅಂತ ನೆಟ್ಟಗೆ ಹೇಳಿದ್ರೆ ನಾವೇನ್ ಬ್ಯಾಡ ಅಂತಿದ್ವಾ?" ಎಂದು ಕೇಳಿದವರು ತಾವೇ ಹೇಳಿದರು, "ಅಂತಿದ್ವೇನೋ." ಅಲ್ಲಿಂದ ಎಷ್ಟೋ ದಿನ ನನ್ನ ಜೊತೆ ಮಾತು ಬಿಟ್ಟರು. ಅದು ನನಗೆ ಬರಬೇಕಾದದ್ದೇ.

ಗುದ್ದಲಿ ಪೂಜೆಯ ದಿನ ಊರಿಗೆ ಹೋದೆ. ಜನ ಸೇರಿದ್ದರು. ಪೂಜೆಗೆ ಮೊದಲೇ ಎದ್ದು ನಿಂತು ಎಲ್ಲವನ್ನೂ ಹೇಳಿದೆ — ಫೋನು, ಜಪಾನಿನ ಮಾತು, ಚಿಲಕ, ನನ್ನ ಸುಳ್ಳು. ಕೆಲವರು ನಕ್ಕರು. ಪೂಜೆಗೆ ಬಂದಿದ್ದವರೊಬ್ಬರು, "ಇದೂ ಅಮ್ನೋರು ಮಾಡೋ ಪರೀಕ್ಷೇನೇ," ಎಂದರು. ಅಪ್ಪ, "ಬಾಯ್ಮುಚ್ಚೇ!" ಎಂದು ಗುಡುಗಿದ. ನಾನು ಮುಚ್ಚಲಿಲ್ಲ.

ಆಗ ಸುಮ ಮಣೆಯಿಂದ ಎದ್ದಳು. ಕೊರಳಿನ ಹಾರ ಕಿತ್ತು ನನ್ನ ಕಡೆ ಎಸೆದಳು. "ಈಗ ಬಂದ್ಯಾ? ಈಗ? ಮದ್ವೆ ಆಗ್ಲಿ ಹೇಳ್ತೀನಿ ಅಂದೋಳು, ಮಕ್ಳಾದ್ಮೇಲೆ ಬಂದ್ಯಾ? ನನ್ ಕಾಲೇಜು ಕೊಡ್ತೀಯಾ? ನನ್ ವಯಸ್ಸು ಕೊಡ್ತೀಯಾ? ನೀನು ಅಕ್ಕಾನಾ? ಥೂ!" ಅವಳ ಧ್ವನಿ ಬೀದಿಯ ಆ ತುದಿಗೂ ಕೇಳುತ್ತಿತ್ತು. ಮೈ ಗಡಗಡ ನಡುಗುತ್ತಿತ್ತು, ಅವತ್ತಿನ ಹಾಗೆಯೇ.

ಅವ್ವ ಅಭ್ಯಾಸಬಲದಿಂದ ಬೆಂಕಿಪೊಟ್ಟಣ ತಡಕಾಡಿದಳು. ಕಡ್ಡಿ ಗೀರುವಷ್ಟರಲ್ಲಿ ನಾನು ಅವಳ ಕೈ ಹಿಡಿದುಕೊಂಡೆ.

"ಬ್ಯಾಡ ಕಣವ್ವ. ಅಮ್ನೋರಲ್ಲ ಅದು, ನಮ್ಮ ಸುಮ. ನನ್ನ ಬೈತಾವ್ಳೆ. ಬೈಲಿ ಬುಡು."

ಅವ್ವ ಸುಮಳ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಬೆಂಕಿಪೊಟ್ಟಣ ಕೆಳಗಿಟ್ಟಳು. ಸುಮ ಬೈದು ಮುಗಿಸುವವರೆಗೆ ನಾನು ತಲೆ ತಗ್ಗಿಸಿ ನಿಂತಿದ್ದೆ.

ಗುಡಿಯ ಕೆಲಸ ನಿಂತಿದೆ. ಈಗಲೂ ಮಂಗಳವಾರ ಯಾರೋ ಬಾಗಿಲಲ್ಲಿ ತೆಂಗಿನಕಾಯಿ ಇಟ್ಟು ಹೋಗುತ್ತಾರಂತೆ. ಸುಮ ಮಧುಗಿರಿಯಲ್ಲಿ ರೂಮು ಮಾಡಿಕೊಂಡು, ಬಿಟ್ಟ ಪರೀಕ್ಷೆಗೆ ಕಟ್ಟಿದ್ದಾಳೆ. ಅವಳು ನನ್ನನ್ನು ಕ್ಷಮಿಸಿಲ್ಲ, ನಾನು ಕೇಳಿಯೂ ಇಲ್ಲ. ಕೆಲವು ದಿನ, ಓದುತ್ತ ಕೂತಾಗ ಹಳೆಯದೆಲ್ಲ ನೆನಪಾಗಿ ಸಿಟ್ಟು ಉಕ್ಕಿದರೆ, ಫೋನು ಮಾಡಿ ಬೈಯುತ್ತಾಳೆ. ಪಾಠದ ನಡುವೆ ಬಂದರೂ ಹೊರಗೆ ಹೋಗಿ ಎತ್ತುತ್ತೇನೆ. ಅವಳು ಇಡುವವರೆಗೂ ಇಡುವುದಿಲ್ಲ.