ಟೈಲರಮ್ಮನ ಸೈಕಲ್ಲು

ನನ್ನ ಹೆಂಡತಿ ಮೂವತ್ತು ವರ್ಷದಿಂದ ಟೈಲರ್. ಹೋದ ವರ್ಷ ಹೊಲಿಗೆ ಮೆಷಿನನ್ನು ಒಬ್ಬಳೇ ಎತ್ತಲು ಹೋಗಿ ಬೆನ್ನು ಉಳುಕಿಸಿಕೊಂಡಳು. ನೋವು ಇಳಿದ ಮೇಲೆ ಡಾಕ್ಟರು, "ದಿನಾ ಸ್ವಲ್ಪ ಸೈಕಲ್ ತುಳೀರಿ" ಎಂದರು. ಹುಟ್ಟಿದಾಗಿನಿಂದ ಸೈಕಲ್ ಮುಟ್ಟದವಳಿಗೆ ಅದನ್ನು ಕಲಿಸುವ ಕರ್ಮ ನನ್ನ ಪಾಲಿಗೆ ಬಂತು.

ಬಸ್ಸು ಓಡಿಸಿ ನಿವೃತ್ತನಾದ ನನಗೆ ಅವಳ ಕಾಲಿನ ಮೇಲೆ ದೂರಿಲ್ಲ. ಮೆಷಿನ್ ತುಳಿದು ಪಳಗಿದ ಕಾಲು. ತಕರಾರೆಲ್ಲ ಕಣ್ಣಿನದು. ಸೂಜಿ ಇಳಿಯುವ ಜಾಗವನ್ನು ನೋಡುವಂತೆ ಮುಂದಿನ ಚಕ್ರವನ್ನೇ ನೋಡುತ್ತಾಳೆ. ಹದಿನೈದು ದಿನ ಸೀಟು ಹಿಡಿದು ಓಡುತ್ತಾ, "ಮುಂದೆ ನೋಡೇ!" ಎಂದು ಅರಚಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ನಮ್ಮ ಬೀದಿಯಲ್ಲಿರುವುದು ಒಂದೇ ದೀಪದ ಕಂಬ. ಅದಕ್ಕೇ ನಾಲ್ಕು ಸಲ ಗುದ್ದಿದಳು.

ನಿನ್ನೆ ಅವಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತಂದು ಸಿಮೆಂಟು ರಸ್ತೆಯ ಮೇಲೆ ಉದ್ದಕ್ಕೆ ಗೆರೆ ಎಳೆದಳು. ನಾನು ಸೀಟು ಬಿಟ್ಟೆ. ಗೆರೆಯ ಮೇಲೆ ಒಂದಿಷ್ಟೂ ಅಲ್ಲಾಡದೆ ಹೋದವಳು ಟಕ್ಕನೆ ನಿಂತಳು.

"ಚೆನ್ನಾಗಿ ಹೋಗ್ತಿದ್ಯಲ್ಲ, ಯಾಕೆ ನಿಲ್ಸಿದೆ?"

"ಗೆರೆ ಮುಗೀತಲ್ರೀ."

"ಹಾಗಾದ್ರೆ ಊರೆಲ್ಲಾ ಗೆರೆ ಎಳ್ಕೊಂಡು ನಿನ್ನ ಮುಂದೆ ಓಡ್ಲಾ?"

ಅವಳು ಸೀಮೆಸುಣ್ಣವನ್ನು ನನ್ನ ಕೈಗಿಟ್ಟು, "ಡೊಂಕು ಮಾಡ್ಬೇಡಿ" ಎಂದಳು.