ಒಂದನೇ ತಾರೀಕಿನ ತೂಕ

ನಮ್ಮ ಮನೆಯಲ್ಲಿ ತಿಂಗಳ ಒಂದನೇ ತಾರೀಕು ಬೆಳಿಗ್ಗೆ ಆರಕ್ಕೆ ಎಲ್ಲರೂ ತೂಕ ನೋಡಿಕೊಳ್ಳಬೇಕಿತ್ತು. ಅದು ನಾನು ಮಾಡಿದ ನಿಯಮ. ಹೊನ್ನಾಳಿಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಡ್ರಿಲ್ ಮಾಡಿಸಿದವಳು ನಾನು. ಬರೆದಿಡದ ಶಿಸ್ತು ಶಿಸ್ತೇ ಅಲ್ಲ ಎಂದು ನಂಬಿದ್ದೆ. ಮಗ ಅಡಿಕೆ ಚೀಲ ತೂಗುವ ಕಾಟಾದ ಮೇಲೆ ಒಬ್ಬೊಬ್ಬರೇ ನಿಲ್ಲುವುದು, ಬಂದ ಅಂಕಿಯನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯುವುದು.

ಪಿಯುಸಿ ಓದಲು ಸೊಕ್ಕೆಯಿಂದ ಬಂದ ಮಗಳ ಮಗಳಿಗೂ ಅದೇ ನಿಯಮ. ಮೊದಲ ತಿಂಗಳೇ ಚನ್ನಗಿರಿಯಿಂದ ನನ್ನ ತಂಗಿ ಬಂದಳು. ಚಹಾ ಕುಡಿಯುತ್ತ ಕ್ಯಾಲೆಂಡರ್ ಓದಿದಳು.

"ಏನಕ್ಕಾ, ಈ ಹುಡುಗಿ ಒಂದ್ ಚೀಲ ಅಡಿಕೆ ತೂಗ್ತಾಳಲ್ಲ. ಗಂಡನ ಮನಿಗೆ ಕಳ್ಸಾಕೆ ಲಾರಿನೇ ಬೇಕಾಗ್ತೈತೆ."

ಎಲ್ಲರೂ ನಕ್ಕೆವು. ಹುಡುಗಿಯೂ ನಕ್ಕಳು.

ಮುಂದಿನ ತಿಂಗಳು ಮೂರು ಕೆಜಿ ಇಳಿದಿತ್ತು, ಅದರ ಮುಂದಿನ ತಿಂಗಳು ಇನ್ನೂ ನಾಲ್ಕು. ನಾನು ಮಾಡಿಸಿದ ಬೆಳಗಿನ ನಡಿಗೆಯ ಫಲವೆಂದು ಬೀಗಿ, ಬಂದವರಿಗೆಲ್ಲ ತೋರಿಸಿದೆ. ಅವಳ ಪಾಲಿನ ರೊಟ್ಟಿ ನಿತ್ಯ ತಮ್ಮ ಎಮ್ಮೆಗೆ ಬೀಳುತ್ತಿದೆಯೆಂದು ಪಕ್ಕದ ಮನೆಯಾಕೆ ಹೇಳಿದಾಗಲೂ ನನಗೆ ಸಿಟ್ಟು ಬಂದದ್ದು ರೊಟ್ಟಿ ದಂಡವಾದದ್ದಕ್ಕೆ.

ಆಮೇಲೊಂದು ಸಂಜೆ ಒಣಗಿದ ಬಟ್ಟೆ ತರಲು ಮಹಡಿಗೆ ಹೋದರೆ, ಅವಳು ನೀರಿನ ಟ್ಯಾಂಕಿನ ಹಿಂದೆ ಕೂತು ಸಿಗರೇಟು ಸೇದುತ್ತಿದ್ದಳು. ನನ್ನ ಬೈಗುಳ ರಸ್ತೆಗೂ ಕೇಳಿಸಿರಬೇಕು. ಮನೆತನ, ಓದು, ಅವಳ ತಾಯಿ, ಎಲ್ಲವನ್ನೂ ಎಳೆದು ತಂದೆ. ಅವಳು ಸಿಗರೇಟನ್ನು ಗೋಡೆಗೆ ಒತ್ತಿ ಆರಿಸಿದಳು.

"ದಿನಾ ಸೇದಲ್ಲ ಅಜ್ಜಿ. ಒಂದನೇ ತಾರೀಕು ಹತ್ರ ಬಂದಾಗ ಅಷ್ಟೇ. ಹಸಿವು ಗೊತ್ತಾಗಲ್ಲ."

ಮರುದಿನವೇ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ದೆ.

ಡಾಕ್ಟರು ಮೈಯಲ್ಲಿ ರಕ್ತ ಕಡಿಮೆ ಎಂದರು, ಹೊತ್ತಿಗೆ ಸರಿಯಾಗಿ ಉಣ್ಣಿಸಿ ಎಂದರು. ಹೊತ್ತಿಗೆ ಸರಿಯಾಗಿ ಬಡಿಸುವುದನ್ನು ನನಗೆ ಯಾರೂ ಕಲಿಸಬೇಕಿಲ್ಲ. ಉಣ್ಣಬೇಕಾದವಳು ಅವಳು.

ಕ್ಯಾಲೆಂಡರ್ ತೆಗೆದು ಹಾಕಿದೆ. ಕಾಟಾವನ್ನು ಮಗನ ಗೋಡೌನಿಗೆ ಸಾಗಿಸಿದೆ. ಈ ಒಂದನೇ ತಾರೀಕು, ಸರಿಯಾಗಿ ಆರಕ್ಕೆ, ಅವಳು ಎದ್ದು ಬಂದು ಕಾಟಾ ಇದ್ದ ಜಾಗದಲ್ಲೇ ನಿಂತಳು.

"ಈಗ ಎಷ್ಟಿದೀನಿ ಅಂತ ಹೆಂಗೆ ಗೊತ್ತಾಗ್ಬೇಕು?"

ಗೊತ್ತಾಗುವುದು ಬೇಡ ಎಂದೆ. ನಂಬಿದಂತೆ ಕಾಣಲಿಲ್ಲ. ಶಿಸ್ತು ಕಲಿಸಿದಷ್ಟು ಸುಲಭವಾಗಿ ಮರೆಸಲು ಬರುವುದಿಲ್ಲ. ತಿಂಡಿಗೆ ಕರೆದು ತಟ್ಟೆಗೆ ಎರಡು ರೊಟ್ಟಿ ಹಾಕಿದೆ. ಒಂದನ್ನು ತಿಂದು, ಇನ್ನೊಂದರ ಅಂಚು ಮುರಿಯುತ್ತ ಕೂತಳು. ಎಷ್ಟು ತಿಂದಳೆಂದು ನೋಡಬಾರದೆಂದು ನಾನು ಒಲೆಯ ಕಡೆ ತಿರುಗಿ ನಿಂತೆ.