ಅಪ್ಪ ಜೂಜುಕೋರನಾದದ್ದು

ಗುಂಡ್ಲುಪೇಟೆಯ ಸೂರ್ಯಕಾಂತಿ ಹೊಲಗಳಿಗೆ ಸಿನಿಮಾದವರು ಬರುವುದು ಹೊಸದೇನಲ್ಲ. ನಾಯಕ ನಾಯಕಿ ಹೂವಿನ ಮಧ್ಯೆ ಓಡುತ್ತಾರೆ, ಅವರು ಹೋದ ಮೇಲೆ ನಾವು ಬಗ್ಗಿದ ಗಿಡಗಳನ್ನು ಎತ್ತಿ ನಿಲ್ಲಿಸುತ್ತೇವೆ. ಆ ವರ್ಷ ಬಂದವರಿಗೆ ಮಾತ್ರ ಹೂವು ಬೇಕಿರಲಿಲ್ಲ, ಮೀಸೆ ಬೇಕಿತ್ತು. ಹಳ್ಳಿಗಾಡಿನ ಪೇಟೆಯೊಂದರಲ್ಲಿ ಇಸ್ಪೀಟಾಡಿಸಿ ಜನರಿಗೆ ಟೋಪಿ ಹಾಕುವ ಖದೀಮರ ಹಾಸ್ಯ ಚಿತ್ರವಂತೆ. ಚೆಂಡುಹೂವಿಗೆ ನೀರು ಕಟ್ಟುತ್ತಿದ್ದ ನಮ್ಮಪ್ಪನನ್ನು ಕಂಡ ನಿರ್ದೇಶಕರು, "ಇಂಥ ಕಳ್ಳ ಮುಖಾನೇ ಹುಡುಕ್ತಿದ್ದೆ" ಎಂದರು. ಅಪ್ಪ ಅದನ್ನು ಹೊಗಳಿಕೆ ಎಂದೇ ತಿಳಿದ.

ಅಪ್ಪನಿಗೆ ಇಸ್ಪೀಟು ಬಾರದು. ನಮ್ಮ ಕಡೆ ಯುಗಾದಿ ಬಂದರೆ ಪ್ರತಿ ಜಗಲಿಯ ಮೇಲೂ ಆಟ ನಡೆಯುತ್ತದೆ, ಆಡದವನನ್ನು ಗಂಡಸೆಂದು ಲೆಕ್ಕಕ್ಕಿಡುವುದಿಲ್ಲ. ಅಪ್ಪ ಹಬ್ಬದ ದಿನವೂ ಹೊಲದಲ್ಲಿ ಕೆಲಸವಿದೆ ಎಂದು ತಪ್ಪಿಸಿಕೊಳ್ಳುತ್ತಿದ್ದ. ಅಂಥವನು ಸಿನಿಮಾದಲ್ಲಿ ಅಂಗಿಯ ತೋಳಿನಿಂದ ಎಲೆ ಜಾರಿಸಿ ಗಹಗಹಿಸಿ ನಕ್ಕ. ಕೆಮ್ಮಿ ತಿರುಗುವಷ್ಟರಲ್ಲಿ ಮುಗಿದುಹೋಗುವ ಪಾತ್ರ. ಅದನ್ನು ನೋಡಲು ಚಾಮರಾಜನಗರದ ಟಾಕೀಸಿಗೆ ನೆಂಟರನ್ನೆಲ್ಲ ವ್ಯಾನಿನಲ್ಲಿ ತುಂಬಿಕೊಂಡು ಹೋದೆವು, ಅಪ್ಪ ಪರದೆಗೆ ಬಂದಾಗ ಶಿಳ್ಳೆಯೂ ಬಿತ್ತು. ಅಂದಿನಿಂದ ಅಪ್ಪ ಅಂಗಿಯ ತೋಳು ಮಡಚುವುದನ್ನೇ ಬಿಟ್ಟ. ಕಲಾವಿದನಲ್ಲವೆ.

ಅದೇ ಹೊತ್ತಿಗೆ ನನ್ನ ತಂಗಿಗೆ ಚಂದಕವಾಡಿಯ ಗಂಡು ನೋಡಿದ್ದೆವು. ಹುಡುಗ ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಅವನ ಫೋನು ಬಂದರೆ ತಂಗಿ ಹಿತ್ತಿಲಿಗೆ ಓಡುತ್ತಿದ್ದಳು, ಅವಳ ಒಪ್ಪಿಗೆಯನ್ನು ಯಾರೂ ಕೇಳಬೇಕಿರಲಿಲ್ಲ. ಮಾತು ಗಟ್ಟಿಮಾಡುವ ಮುಂಚೆ ಹುಡುಗನ ತಂದೆ ಪದ್ಧತಿಯಂತೆ ನಮ್ಮ ಮನೆತನದ ಬಗ್ಗೆ ವಿಚಾರಿಸಿದರು. ವಿಚಾರಿಸಿದ್ದು ನಮ್ಮೂರಿನ ಟೀ ಅಂಗಡಿಯಲ್ಲಿ. ಅಲ್ಲಿದ್ದ ಹಿತೈಷಿಗಳು ಎದೆಯುಬ್ಬಿಸಿ, "ಅವ್ರಾ? ಇಸ್ಪೀಟ್ನಲ್ಲಿ ಅವ್ರ ಮುಂದೆ ಯಾರ್ ಕುಂತಾರು ಸ್ವಾಮಿ!" ಎಂದರು. ಸಿನಿಮಾದ ಮಾತು ಎಂದು ಸೇರಿಸುವ ಗೋಜಿಗೆ ಯಾರೂ ಹೋಗಲಿಲ್ಲ.

ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ಬೀಗರು ಬಾಡೂಟಕ್ಕೆ ಬಂದರು. ಉಂಡ ಮೇಲೆ ಹುಡುಗನ ತಂದೆ ಜೇಬಿನಿಂದ ಇಸ್ಪೀಟಿನ ಕಟ್ಟು ತೆಗೆದರು.

"ಅಬ್ಬದ್ ದಿನ, ಒಂದ್ ಕೈ ಆಡನ ಬನ್ನಿ ಬೀಗ್ರೇ."

ಸಂಬಂಧ ಬೆಳೆಸುವ ಮನೆಯಲ್ಲಿ ದುಡ್ಡಿಡಬಾರದೆಂದು ಪಣಕ್ಕೆ ಹುಣಸೆ ಬೀಜ ಇಟ್ಟರು. ಇದು ಪರೀಕ್ಷೆ ಎಂದು ನನಗೂ ತಂಗಿಗೂ ಹೊಳೆಯಿತು, ನಟನಿಗೆ ಹೊಳೆಯಲಿಲ್ಲ. "ನಂಗೆ ಬರಾಕಿಲ್ಲ" ಎಂದಿದ್ದರೆ ಸಾಕಿತ್ತು. ಶಿಳ್ಳೆ ಹೊಡೆಸಿಕೊಂಡವನು ಹಾಗೆ ಹೇಗೆ ಹೇಳುತ್ತಾನೆ?

ಆಡಿದ್ದು ಅಂದರ್ ಬಾಹರ್. ಎಲೆ ಒಳಗೆ ಬೀಳುತ್ತದೋ ಹೊರಗೋ ಎಂದು ಊಹಿಸಿದರೆ ಮುಗಿಯಿತು, ಬುದ್ಧಿಯ ಗೊಡವೆಯೇ ಇಲ್ಲ. ಅದಕ್ಕೇ ಅಪ್ಪ ಗೆದ್ದ. ಮತ್ತೆ ಗೆದ್ದ. ಗೆಲ್ಲುತ್ತಲೇ ಹೋದ. ಅಡುಗೆಮನೆ ಬಾಗಿಲಲ್ಲಿ ನಿಂತ ತಂಗಿ ಬೇಡ ಬೇಡ ಎಂದು ತಲೆಯಾಡಿಸಿದಳು, ಅಪ್ಪ ಅದನ್ನು ಮೆಚ್ಚುಗೆ ಎಂದುಕೊಂಡು ತೋಳು ಕೊಡವಿ ಸಿನಿಮಾದ ನಗು ನಕ್ಕ. ಕಟ್ಟು ಬೀಗರದು, ಕಲೆಸಿದವರು ಅವರು, ಎಲೆ ಹಾಕಿದವರೂ ಅವರೇ. ಆದರೂ ಅವರ ಕಣ್ಣು ಅಪ್ಪನ ತೋಳಿನ ಮೇಲೇ ಇತ್ತು. ಕೊನೆಗೆ ಎಲೆಗಳನ್ನು ಒಟ್ಟುಮಾಡಿ ಎಣಿಸಿದರು. ಒಂದೂ ಹೆಚ್ಚುಕಮ್ಮಿ ಇರಲಿಲ್ಲ. ಅವರ ಅನುಮಾನ ಗಟ್ಟಿಯಾದದ್ದೇ ಆಗ.

ಸ್ವಲ್ಪ ದಿನಕ್ಕೆ ಜಾತಕ ಕೂಡುವುದಿಲ್ಲವೆಂದು ಫೋನು ಬಂತು. ಮೊದಲು ಕೂಡಿಸಿಕೊಟ್ಟಿದ್ದು ಅವರದೇ ಪುರೋಹಿತರು, ಪಾಪ, ಗ್ರಹಗಳು ಆಮೇಲೆ ಜಾಗ ಬದಲಿಸಿರಬೇಕು. ಹುಡುಗ ಫೋನು ಎತ್ತುವುದನ್ನೇ ನಿಲ್ಲಿಸಿದ. ನನಗೆ ಅಪ್ಪನ ಮೇಲೆ ಕೋಪವಿತ್ತು, ಆ ಹುಡುಗನ ಮೇಲೆ ಅದಕ್ಕಿಂತ ಹೆಚ್ಚು.

ಒಂದು ಮಧ್ಯಾಹ್ನ ಅಪ್ಪ ಅವಳ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತ. "ನಾನು ಮೋಸ ಮಾಡ್ನಿಲ್ಲ ಕಣಮ್ಮಿ, ನಿನ್ನಾಣೆಗೂ."

ಅವಳು ರಾಗಿ ಕೇರುವುದನ್ನು ನಿಲ್ಲಿಸಲಿಲ್ಲ. "ಗೊತ್ತು ಕಣಪ್ಪ. ನಿಂಗೆ ಮೋಸ ಮಾಡಾಕೆ ಬಂದಿದ್ರೆ, ಅವತ್ತು ನನಗೋಸ್ಕರ ಸೋತ್ಬುಡ್ತಿದ್ದೆ."